ಗ್ಲಾಕೋಮಾ ಮತ್ತು ಬೀಳುವ ಅಪಾಯ: ಗದಗ ಸೀಮೆ

ಕಣ್ಣು ಕಂಡದ್ದನ್ನು ಮೆದುಳಿಗೆ ಮುಟ್ಟಿಸುವ ನರ ಸದ್ದಿಲ್ಲದೆ ಸವೆಯುತ್ತ ಹೋಗುವ ಬೇನೆಯೇ ಗ್ಲಾಕೋಮಾ. ಬಹಳ ಮಂದಿಯಲ್ಲಿ ಕಣ್ಣೊಳಗಿನ ಒತ್ತಡ ಏರಿರುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸದಷ್ಟು, ಆ ಮಿತಿಯೊಳಗಿದ್ದೂ ನರ ಹಾಳಾಗುವುದುಂಟು. ಹೆಚ್ಚಿನವರಿಗೆ ನೋವೂ ಇಲ್ಲ, ಕಣ್ಣು ಕೆಂಪಾಗುವುದೂ ಇಲ್ಲ. ಮೊದಲು ಅಳಿಯುವುದು ಅಂಚಿನ ನೋಟ, ನೇರ ನೋಟ ಬಹುಕಾಲ ಉಳಿಯುತ್ತದೆ. ಹೀಗಾಗಿ ರೋಗಿ ತನಗೆ ಕಣ್ಣು ಕಾಣುವುದಿಲ್ಲವೆಂದು ಅರಿಯುವ ಎಷ್ಟೋ ಮೊದಲೇ ಎಡವತೊಡಗುತ್ತಾನೆ.

ನಡೆಯುವವನು ತನ್ನ ಪಾದ ನೋಡುತ್ತ ನಡೆಯುವುದಿಲ್ಲ. ದೃಷ್ಟಿ ಮುಂದಿರುತ್ತದೆ, ಮೆಟ್ಟಿಲು, ಕಲ್ಲು, ತಗ್ಗುಗಳ ಸುಳಿವು ಕೆಳಗಿನ ಅಂಚಿನಿಂದ ತಾನಾಗಿ ಬರುತ್ತದೆ. ಆ ಅಂಚು ಹೋದರೆ ಹೆಜ್ಜೆ ಲೆಕ್ಕ ತಪ್ಪುತ್ತದೆ. ಕೆನಡಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗ್ಲಾಕೋಮಾ ಇದ್ದವರು ಹಿಂದಿನ ಒಂದು ವರ್ಷದಲ್ಲಿ ಬಿದ್ದಿರುವ ಸಾಧ್ಯತೆ ಇಲ್ಲದವರಿಗಿಂತ ಮೂರು ಪಟ್ಟು ಹೆಚ್ಚಿತ್ತು. ಕೆಳಭಾಗದ ನೋಟ ಕಳೆದುಕೊಂಡವರೇ ಹೆಚ್ಚು ಬೀಳುತ್ತಾರೆಂದು ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ತೋರಿಸಿದರು.

ಬೆಟಗೇರಿಯ ಕುಣಿಮಗ್ಗವನ್ನೇ ನೋಡಿ. ನೇಕಾರ ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಕೂರುತ್ತಾನೆ. ಲಾಳಿ ಓಡುವುದು ಅವನ ಕಣ್ಣೆದುರಿಗೆ, ಹರಿದ ಎಳೆಗೆ ಗಂಟು ಬೀಳುವುದೂ ಕಣ್ಣೆದುರಿಗೆ. ಗ್ಲಾಕೋಮಾ ಸಾಕಷ್ಟು ಮುಂದುವರಿದಿದ್ದರೂ ಈ ಕೆಲಸ ನಿಲ್ಲಬೇಕಾಗಿಲ್ಲ, ಏಕೆಂದರೆ ಅದಕ್ಕೆ ಬೇಕಾದ ನಡುನೋಟ ಇನ್ನೂ ಇದೆ. ಮಗ್ಗ ಬಿಟ್ಟೇಳುವಾಗ ಕುಣಿಯ ಅಂಚು ಎಲ್ಲಿದೆ ಎಂಬುದು ಮಾತ್ರ ತಿಳಿಯದು. ಎಳೆ ಕಾಣುವ ಮನುಷ್ಯನಿಗೆ ಕಣ್ಣಿನ ತೊಂದರೆ ಇದೆಯೆಂದು ಮನೆಯವರು ಹೇಗೆ ನಂಬಿಯಾರು? "ವಯಸ್ಸಾತು, ಕಾಲಾಗ ಕಸುವಿಲ್ಲ" ಎಂದು ಮಾತು ಮುಗಿಸುತ್ತಾರೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ದನ ಕಟ್ಟುವ ಜಾಗ ತಗ್ಗು, ಪಡಸಾಲೆ ಎತ್ತರ. ಎರಡಕ್ಕೂ ಒಂದೇ ಮಣ್ಣಿನ ಬಣ್ಣ. ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ ಮಾತ್ರ. ಗ್ಲಾಕೋಮಾ ಆದ ಕಣ್ಣು ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಡುತ್ತದೆ, ಬಣ್ಣಗಳ ನಸು ವ್ಯತ್ಯಾಸವೂ ಅದಕ್ಕೆ ಸಿಗದು. ಹೊರಗೆ ಹೋದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲ, ಓಣಿಯಲ್ಲಿ ತೆರೆದ ಗಟಾರ. ಮುದುಕರಿಗೆ ಒಮ್ಮೆ ತೊಡೆಯ ಎಲುಬು ಮುರಿದರೆ ಹಾಸಿಗೆ ಬಿಟ್ಟೇಳುವುದೇ ಕಷ್ಟ. ಬೀಳುವ ಭಯಕ್ಕೆ ಮೂಲೆ ಹಿಡಿದು ಕೂತವರ ಕಾಲಿನ ಕಸುವು ಇನ್ನಷ್ಟು ಇಳಿಯುತ್ತದೆ.

ಔಷಧ, ಕನ್ನಡಕಗಳಲ್ಲೂ ಎಚ್ಚರ ಬೇಕು. ಟಿಮೊಲಾಲ್ ಹನಿ ಕಣ್ಣಿನ ಒತ್ತಡ ಇಳಿಸುವುದು ನಿಜ, ಆದರೆ ಕೆಲವರಲ್ಲಿ ನಾಡಿಬಡಿತ ನಿಧಾನವಾಗಿ ತಲೆ ತಿರುಗುತ್ತದೆ. ದಮ್ಮು ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಹಾಗೆಂದು ಹನಿಯನ್ನು ತಾವಾಗಿ ನಿಲ್ಲಿಸುವಂತಿಲ್ಲ. ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ ಇರುವ ಜೋಡು ಕನ್ನಡಕದಲ್ಲಿ ಮೆಟ್ಟಿಲು ಮಸುಕಾಗುತ್ತದೆ. ಕಣ್ಣು ತುರಿಸಿತೆಂದು ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಗ್ಲಾಕೋಮಾವೇ ಬರಬಹುದು.

ಬೀಳಗಿಯಲ್ಲಿ ಹುಟ್ಟಿದ ನೇತ್ರವೈದ್ಯ ಡಾ. ಎಂ. ಸಿ. ಮೋದಿ (1916–2005) ಊರೂರಿಗೆ ಶಿಬಿರ ಒಯ್ದು ಕಣ್ಣಿನ ಪೊರೆ ತೆಗೆದರು. ಶಸ್ತ್ರಚಿಕಿತ್ಸೆಯಾದರೆ ಕಣ್ಣು ಬರುತ್ತದೆ ಎಂಬ ಭರವಸೆ ಜನರಲ್ಲಿ ಬೇರೂರಿತು. ಪೊರೆಯ ಮಟ್ಟಿಗೆ ಅದು ದಿಟ. ಗ್ಲಾಕೋಮಾದಲ್ಲಿ ಹೋದ ನೋಟ ಮರಳದು. ಹನಿ, ಲೇಸರ್, ಶಸ್ತ್ರಚಿಕಿತ್ಸೆಗಳು ಉಳಿದ ನೋಟವನ್ನಷ್ಟೇ ಕಾಯುತ್ತವೆ. "ಪೊರೆ ಹಣ್ಣಾಗಲಿ" ಎಂದು ಕಾಯುತ್ತ ಕೂತರೆ ಆ ಉಳಿದದ್ದೂ ಹೋದೀತು.

ಪಂಚಾಕ್ಷರಿ ಗವಾಯಿ (1892–1944), ಪುಟ್ಟರಾಜ ಗವಾಯಿ (1914–2010) ಅವರು ಬೆಳೆಸಿದ, ಕಣ್ಣಿಲ್ಲದವರಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಕಣ್ಣಿಲ್ಲದವರು ಧೈರ್ಯದಿಂದ ಓಡಾಡುವುದು ಗದಗಿನವರಿಗೆ ಹೊಸತಲ್ಲ. ಎಳವೆಯಲ್ಲೇ ನೋಟ ಕಳೆದುಕೊಂಡವರು ಕೋಲು, ಕಿವಿ, ನೆನಪುಗಳನ್ನು ನಂಬಿ ನಡೆಯಲು ಕಲಿತಿರುತ್ತಾರೆ. ಅರವತ್ತು ದಾಟಿದ ಮೇಲೆ ಅಂಚು ಕಳೆದುಕೊಳ್ಳುವವರಿಗೆ ಅಂಥ ಕಲಿಕೆ ಇಲ್ಲ, ಕೋಲು ಹಿಡಿಯಲು ಸಂಕೋಚ ಬೇರೆ. ಈ ಸಂಕೋಚವನ್ನು ಮನೆಯವರೇ ಬಿಡಿಸಬೇಕು.

ಚೆನ್ನೈ ಮತ್ತು ಆಂಧ್ರದ ಸಮೀಕ್ಷೆಗಳಲ್ಲಿ ಪತ್ತೆಯಾದ ಗ್ಲಾಕೋಮಾ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿಗಿಂತ ಹೆಚ್ಚಿನವರಿಗೆ ತಮ್ಮ ಬೇನೆಯ ಅರಿವೇ ಇರಲಿಲ್ಲ. ಬೇನೆ ಪತ್ತೆಹಚ್ಚಲು ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಸಾಲದು. ಒತ್ತಡ ಅಳೆಯಬೇಕು, ನರ ನೋಡಬೇಕು, ನೋಟದ ವಿಸ್ತಾರ ಪರೀಕ್ಷಿಸಬೇಕು. ನೋಟದ ವಿಸ್ತಾರದ ಮಹತ್ವವನ್ನು ಕಾನೂನೂ ಒಪ್ಪಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ನೋಟದ ವಿಸ್ತಾರ 40 ಡಿಗ್ರಿಗಿಂತ ಕುಗ್ಗಿದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕುಗ್ಗಿದರೆ ಅಂಧತ್ವ, ಅಕ್ಷರ ಎಷ್ಟೇ ಚೆನ್ನಾಗಿ ಕಂಡರೂ.

ಗದಗ ಸೀಮೆಯ ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್). ಹುಬ್ಬಳ್ಳಿಯಲ್ಲಿ ಎಂ. ಎಂ. ಜೋಶಿ ನೇತ್ರ ಸಂಸ್ಥೆಯಿದೆ. ಹೊಸ್ತಿಲು, ಮೆಟ್ಟಿಲಿನ ಅಂಚಿಗೆ ಬಿಳಿ ಇಲ್ಲವೇ ಹಳದಿ ಬಣ್ಣದ ಪಟ್ಟಿ, ಬಚ್ಚಲಿಗೆ ಹಿಡಿಕೆ, ರಾತ್ರಿ ಓಡಾಡುವ ದಾರಿಗೊಂದು ದೀಪ: ಇವಕ್ಕೆ ಆಸ್ಪತ್ರೆಯೂ ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ಮನೆಯ ಹಿರಿಯರು ಎರಡನೇ ಸಲ ಎಡವಿದರೆ ಮೊಣಕಾಲಿನ ಜೊತೆಗೆ ಕಣ್ಣನ್ನೂ ತೋರಿಸಿ. ಬೇನೆ ಗ್ಲಾಕೋಮಾ ಎಂದು ಗೊತ್ತಾದರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳೂ ಕಣ್ಣು ತೋರಿಸಿಕೊಳ್ಳಬೇಕು. ಇದು ರಕ್ತಸಂಬಂಧದಲ್ಲಿ ಬರಬಹುದಾದ ಬೇನೆ.