‘ಇಲ್’: ಕೆಡುಕಿನಿಂದ ಕಾಯಿಲೆಗೆ

ಕಾಯಿಲೆ ಬಿದ್ದವರನ್ನು ಇಂಗ್ಲಿಷಿನಲ್ಲಿ ‘ಇಲ್’ ಎನ್ನುವುದು ರೂಢಿ. ರಜಾ ಅರ್ಜಿಯಿಂದ ಆಸ್ಪತ್ರೆಯವರೆಗೆ ಓಡಾಡುವ ಈ ಪುಟ್ಟ ಪದಕ್ಕೆ ಮೊದಲು ಕಾಯಿಲೆಯ ಅರ್ಥವೇ ಇರಲಿಲ್ಲ. ಅಷ್ಟೇ ಅಲ್ಲ, ಅದು ಮೂಲತಃ ಇಂಗ್ಲಿಷ್ ಪದವೂ ಅಲ್ಲ!

ಅನಾರೋಗ್ಯಕ್ಕೆ ಇಂಗ್ಲಿಷಿನ ಸ್ವಂತ ಪದ ‘ಸಿಕ್’. ‘ಇಲ್’ ಬಂದದ್ದು ಕಡಲಾಚೆಯಿಂದ. ಕ್ರಿ.ಶ. 793ರಲ್ಲಿ ಲಿಂಡಿಸ್‌ಫಾರ್ನ್ ದ್ವೀಪದ ಕ್ರೈಸ್ತ ಮಠವನ್ನು ಸೂರೆ ಮಾಡಿದ ವೈಕಿಂಗರು ಮುಂದೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತರು. 866ರಲ್ಲಿ ಯಾರ್ಕ್ ನಗರ ಅವರ ವಶವಾಯಿತು. 1016ರಲ್ಲಿ ಡೆನ್ಮಾರ್ಕಿನ ಕ್ನೂಟ್ ಇಂಗ್ಲೆಂಡಿನ ದೊರೆಯೇ ಆದ. ಕೊಳ್ಳೆ ಹೊಡೆಯಲು ಬಂದವರು ಕ್ರಮೇಣ ಹೊಲ ಉಳುವ ನೆರೆಹೊರೆಯವರಾದರು. ಅವರ ನಾರ್ಸ್ ಭಾಷೆಯಿಂದ ‘ಎಗ್’, ‘ನೈಫ್’, ‘ವಿಂಡೋ’, ‘ಸ್ಕೈ’ ಮುಂತಾದ ಪದಗಳು ಇಂಗ್ಲಿಷಿಗೆ ಸೇರಿದವು. ‘ಇಲ್’ ಕೂಡ ಅವುಗಳಲ್ಲೊಂದು.

1200ರ ಸುಮಾರಿನಲ್ಲಿ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಂಡಾಗ ‘ಇಲ್’ ಎಂದರೆ ಕೆಟ್ಟ, ದುಷ್ಟ ಎಂದರ್ಥ. ಹಗೆತನವನ್ನು ‘ಇಲ್ ವಿಲ್’ ಎನ್ನುವಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ಕಾಯಿಲೆಯ ಅರ್ಥ ದಾಖಲಾದದ್ದು 15ನೇ ಶತಮಾನದ ಮಧ್ಯಭಾಗದಲ್ಲಿ.

ಹಾಗಾದರೆ ಇಂಗ್ಲಿಷರು ರೋಗಿಯನ್ನು ದುಷ್ಟನೆಂದು ಬಗೆದರೇ? ಪಾಪದ ಫಲವೇ ರೋಗ ಎಂಬ ನಂಬಿಕೆ ಆ ಕಾಲದ ಯೂರೋಪಿನಲ್ಲಿ ಇದ್ದುದು ನಿಜ. ಆದರೆ ಪದ ಸಾಗಿದ ದಾರಿ ಬಹುಶಃ ಬೇರೆ. ‘ನನಗೆ ಕೆಟ್ಟದಾಗಿದೆ’ ಎಂಬರ್ಥದ ನುಡಿಗಟ್ಟೊಂದು ನಾರ್ಸ್ ಭಾಷೆಯಲ್ಲಿತ್ತು. ಅದೇ ಭಾಷೆಯ ಕುಡಿಯಾದ ಐಸ್‌ಲ್ಯಾಂಡಿಕ್‌ನಲ್ಲಿ ತಲೆನೋವು ಬಂದವರು ಈಗಲೂ ‘ನನಗೆ ತಲೆಯಲ್ಲಿ ಕೆಟ್ಟದಾಗಿದೆ’ ಎಂಬಂತೆ ಹೇಳುತ್ತಾರೆ. ಅಂದರೆ ಕೆಟ್ಟದ್ದು ಮನುಷ್ಯನಲ್ಲ, ಅವನಿಗೆ ಒದಗಿದ ಸ್ಥಿತಿ.

ಕನ್ನಡಿಗರಿಗೆ ಇದು ಹೊಸದೇನಲ್ಲ. ನಾವು ‘ನಾನು ಹುಷಾರಿಲ್ಲ’ ಎನ್ನುವುದಿಲ್ಲ, ‘ನನಗೆ ಹುಷಾರಿಲ್ಲ’ ಎನ್ನುತ್ತೇವೆ. ಜ್ವರ ಬರುವುದೂ ‘ನನಗೆ’, ವಾಸಿಯಾಗುವುದೂ ‘ನನಗೆ’. ಇಂಗ್ಲಿಷ್ ಮಾತ್ರ ಈ ‘ನನಗೆ’ಯನ್ನು ಕಳೆದುಕೊಂಡು, ‘ಐ ಆ್ಯಮ್ ಇಲ್’ ಎಂದು ಕಾಯಿಲೆಯನ್ನು ವ್ಯಕ್ತಿಗೇ ಅಂಟಿಸಿತು.

ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ನಡವಳಿಕೆಯೂ ಸರಿಯಿರಬೇಕೆಂದಿಲ್ಲ. ಕುಷ್ಠರೋಗಿಗಳನ್ನು ಊರಾಚೆ ಇಟ್ಟವರಲ್ಲಿ ನಾವೂ ಇದ್ದೇವೆ. 2020ರಲ್ಲಿ ಕೋವಿಡ್ ತಗುಲಿದವರನ್ನು ತಪ್ಪಿತಸ್ಥರಂತೆ ಕಂಡವರೂ ಇದ್ದರು. ರೋಗವೇ ಬೇರೆ, ರೋಗಿಯೇ ಬೇರೆ ಎಂಬ ತಿಳಿವಳಿಕೆ ನಮ್ಮ ಆಡುಮಾತಿನಲ್ಲೇ ಇದೆ. ಅದು ನಡೆಯಲ್ಲೂ ಬಂದರೆ ಸಾಕು.