ಎದೆಯ ಬಡಿತಕ್ಕೆ ಕಿವಿಗೊಟ್ಟವರು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಓಡಾಡುವವರಿಗೆ ಗೋಳಗುಮ್ಮಟ ಹೊಸದಲ್ಲ. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಸುಮಾರು 37 ಮೀಟರಿನಾಚೆ, ಎದುರುಗೋಡೆಗೆ ಕಿವಿಗೊಟ್ಟವನಿಗೆ ಕೇಳಿಸುತ್ತದೆ. ಬಾಗಿದ ಗೋಡೆ ದನಿಯನ್ನು ಚೆದರಗೊಡದೆ ಸಾಗಿಸುತ್ತದೆ, ಅಷ್ಟೆ. ಹೃದ್ರೋಗ ತಜ್ಞರ ವಿದ್ಯೆಯೂ ಬಹುಮಟ್ಟಿಗೆ ಇಂಥದೇ ಪ್ರಯತ್ನದಿಂದ ಬೆಳೆಯಿತು: ಎದೆಯೊಳಗಿನ ಸುದ್ದಿಯನ್ನು ಕೆಡದಂತೆ ಹೊರಕ್ಕೆ ತರುವುದು ಹೇಗೆ?

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಅವರ ಬಳಿಗೆ ಹೃದಯದ ಬೇನೆಯ ಲಕ್ಷಣಗಳಿದ್ದ ತರುಣಿಯೊಬ್ಬಳು ಬಂದಳು. ಆಕೆಯ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಅವರು ಕಾಗದದ ಹಾಳೆಗಳನ್ನು ಸುರುಳಿ ಸುತ್ತಿ ಆಲಿಸಿದರು. ಬಡಿತ ಬರಿಗಿವಿಗಿಂತ ನಿಚ್ಚಳವಾಗಿ ಕೇಳಿತು. ಸ್ಟೆತಾಸ್ಕೋಪಿನ ಹುಟ್ಟು ಇದು. ಕವಾಟ ಕೆಟ್ಟಿದ್ದರೆ ಅದರ ಗೊಣಗು ಇಂದಿಗೂ ಈ ನಳಿಗೆಯಲ್ಲಿ ತಿಳಿಯುತ್ತದೆ. ಆದರೆ ರಕ್ತನಾಳ ಮುಚ್ಚಿ ಹೃದಯದ ಸ್ನಾಯು ಸಾಯುತ್ತಿರುವಾಗಲೂ ಸದ್ದು ಅನೇಕ ವೇಳೆ ಎಂದಿನಂತೆಯೇ ಇರುತ್ತದೆ.

ಅದಕ್ಕೆ ಬೇರೆ ಉಪಾಯ ಬೇಕಾಯಿತು. ಹಾಲೆಂಡಿನ ಲೈಡನ್ ನಗರದ ಐಂಥೋವನ್ ಅವರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅಯಸ್ಕಾಂತದ ನಡುವೆ ಬೆಳ್ಳಿ ಲೇಪದ ಸೂಕ್ಷ್ಮವಾದ ಎಳೆಯೊಂದನ್ನು ಬಿಗಿದು, ಹೃದಯದ ಅಲ್ಪ ವಿದ್ಯುತ್ತಿಗೆ ಅದು ಅಲುಗುವುದನ್ನು ಛಾಯಾಚಿತ್ರದಲ್ಲಿ ಹಿಡಿದರು. ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ! ರೋಗಿ ಕೈಕಾಲುಗಳನ್ನು ಉಪ್ಪುನೀರಿನಲ್ಲಿ ಅದ್ದಿ ಕೂರಬೇಕು. ಇಂಥದನ್ನು ಆಸ್ಪತ್ರೆಗೆ ಹೊತ್ತೊಯ್ಯುವುದೆಲ್ಲಿ ಬಂತು? 1905ರಲ್ಲಿ ಅವರು ಟೆಲಿಫೋನ್ ತಂತಿಯ ಮೂಲಕ, ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿದ್ದ ರೋಗಿಯ ಬಡಿತವನ್ನು ತಮ್ಮ ಪ್ರಯೋಗಶಾಲೆಯಲ್ಲಿಯೇ ಬರೆಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ನಮ್ಮ ಸೀಮೆಯವರಿಗೆ ಮಾತ್ರ ಆ ತಂತಿಯ ಪ್ರಯೋಗವೇ ಹೆಚ್ಚಿನದೆಂದು ನನಗೆ ತೋರುತ್ತದೆ.

ಇಂದು ವಿಜಯಪುರದಲ್ಲಿ ಆಂಜಿಯೋಗ್ರಾಮ್ ಮಾಡುವ ಆಸ್ಪತ್ರೆಗಳುಂಟು. ಆದರೆ ತಿಕೋಟ, ಬಬಲೇಶ್ವರಗಳ ಆಚೆಯ ಹಳ್ಳಿಯಲ್ಲಿ ನಡುರಾತ್ರಿ ಎದೆ ಹಿಡಿದುಕೊಂಡವನಿಗೆ ಪ್ರತಿ ಗಳಿಗೆಯೂ ಲೆಕ್ಕವೇ. “ಗ್ಯಾಸ್ ಆಗೇದ, ಮುಂಜಾನೆ ನೋಡೋಣು” ಎಂದು ಸೋಡಾ ಕುಡಿದು ಮಲಗುವವರು ಇನ್ನೂ ಇದ್ದಾರೆ. ನಾಳ ಮುಚ್ಚಿದ ಮೊದಲ ಕೆಲವು ಗಂಟೆಗಳಲ್ಲಿಯೇ ಚಿಕಿತ್ಸೆ ಸಿಕ್ಕರೆ ಸ್ನಾಯು ಹೆಚ್ಚು ಉಳಿಯುತ್ತದೆ.

2021ರಲ್ಲಿ ತೀರಿಕೊಂಡ ನಟ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ ಐಂಥೋವನ್ನರ ಉಪಾಯವನ್ನೇ ಹಿಗ್ಗಲಿಸಿದಂತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೂರದ ಹೃದ್ರೋಗ ತಜ್ಞರನ್ನು ಕ್ಷಣಗಳಲ್ಲಿ ಮುಟ್ಟುತ್ತದೆ. ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಜಯದೇವ ಸಂಸ್ಥೆ ಇದರ ಮುಖ್ಯ ಕೇಂದ್ರಗಳಲ್ಲೊಂದು. ಗೆರೆಯ ಗೊತ್ತಾದ ಭಾಗ ಮೇಲಕ್ಕೆ ಉಬ್ಬಿದ್ದರೆ ನಾಳ ಪೂರ್ತಿ ಮುಚ್ಚಿರುವ ಸಂಶಯ. ಗೆರೆ ಸರಿಯಾಗಿದ್ದೂ ನೋವು ನಿಲ್ಲದಿದ್ದರೆ ಮತ್ತೆ ಮತ್ತೆ ತೆಗೆದು ನೋಡುತ್ತಾರೆ. ರಕ್ತಸ್ರಾವದ ಅಪಾಯವಿಲ್ಲವೆಂದು ವಿಚಾರಿಸಿಕೊಂಡು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ, ಉಚಿತವಾಗಿ ಕೊಡುತ್ತಾರೆ. ಆಮೇಲೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿ, ಸಾಮಾನ್ಯವಾಗಿ ಒಂದು ದಿನದೊಳಗೆ ಆಂಜಿಯೋಗ್ರಾಮ್ ಮಾಡಿ, ನಾಳ ತೆರೆದಿದೆಯೋ ಇಲ್ಲವೋ ನೋಡುತ್ತಾರೆ.