ಆನೆಗೊಂದಿಯ ಬಿಡಾರ

ರಜಾ ದಿನಗಳು ಸಮೀಪಿಸಿದವೆಂದರೆ ಪಟ್ಟಣವಾಸಿಗಳ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ವಾಡಿಕೆ. ಎಲ್ಲಿಗೆ ಹೋಗಬೇಕೆಂಬುದು ಬೇಗನೆ ತೀರ್ಮಾನವಾಗುತ್ತದೆ. ಎಲ್ಲಿ ತಂಗಬೇಕೆಂಬುದು ಮಾತ್ರ ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ಮಕ್ಕಳಿಗೆ ನೀರು ಬೇಕು, ಹಿರಿಯರಿಗೆ ದೇವಾಲಯ ಬೇಕು, ಓದಿದವರಿಗೆ ಕೋಟೆ ಕೊತ್ತಲಗಳು ಬೇಕು. ಕಡಲತೀರದಲ್ಲಿ ಇವೆಲ್ಲ ಒಂದೆಡೆ ದೊರೆಯುವ ಸ್ಥಳಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಕುಮಟೆಯ ಬಳಿ ಮಿರ್ಜಾನಿನ ಕೋಟೆ ಇದೆ. ಕಾಸರಗೋಡಿನ ಸೀಮೆಯಲ್ಲಿ ಸಮುದ್ರಕ್ಕೆ ಮೈಯೊಡ್ಡಿ ನಿಂತ ಬೇಕಲದ ಕೋಟೆ ಇದೆ. ಆದರೆ ಕಡಲಿಲ್ಲದ ಬಯಲುಸೀಮೆಯಲ್ಲಿಯೂ ನೀರು, ಗುಡಿ, ಕೋಟೆ ಈ ಮೂರೂ ಕೂಡಿದ ಒಂದು ಸ್ಥಳವುಂಟು. ಅದು ತುಂಗಭದ್ರೆಯ ಉತ್ತರದ ದಡದಲ್ಲಿರುವ ಆನೆಗೊಂದಿ. ಹಂಪೆಯನ್ನು ನೋಡಹೋಗುವ ಸಂಸಾರವಂದಿಗರು ತಮ್ಮ ಬಿಡಾರವನ್ನು ಆನೆಗೊಂದಿಯಲ್ಲಿ ಏಕೆ ಹೂಡಬೇಕು ಎಂಬುದೇ ಇಂದಿನ ಭಾಷಣದ ವಿಷಯ.

ಇದು ಕೇವಲ ಪ್ರವಾಸದ ಅನುಕೂಲದ ಮಾತೆಂದು ಶ್ರೋತೃಗಳು ಭಾವಿಸಬಾರದು. ಬಿಡಾರಕ್ಕೆ ತಕ್ಕ ಸ್ಥಳವಾವುದೆಂಬ ಪ್ರಶ್ನೆಯನ್ನು ನಮಗಿಂತ ಮೊದಲು ರಾಜರುಗಳು ಕೇಳಿಕೊಂಡಿದ್ದರು. ಕುಡಿಯುವ ನೀರು ಹತ್ತಿರವಿರಬೇಕು. ದವಸ ಬೆಳೆಯುವ ಭೂಮಿ ಇರಬೇಕು. ಆಪತ್ತಿನ ಕಾಲದಲ್ಲಿ ಬಾಗಿಲಿಕ್ಕಿಕೊಳ್ಳಲು ಬೆಟ್ಟದ ಆಸರೆ ಇರಬೇಕು. ಹೊಳೆ ದಾಟಿ ಹೋಗಲು ದಾರಿ ಇರಬೇಕು. ಈ ನಾಲ್ಕಕ್ಕೂ ಆನೆಗೊಂದಿ ಉತ್ತರ ಹೇಳಿತು. ಅದರ ಚರಿತ್ರೆಯೆಲ್ಲ ಈ ಉತ್ತರದಲ್ಲಿಯೇ ಅಡಗಿದೆ.

ಗೊಂದಿ ಎಂದರೆ ಇಕ್ಕಟ್ಟಾದ ದಾರಿ. ಶಾಸನಗಳಲ್ಲಿ ಹಸ್ತಿನಾವತಿ, ಕುಂಜರಕೋಣ ಎಂಬ ಸಂಸ್ಕೃತದ ಹೆಸರುಗಳೂ ಈ ಊರಿಗೆ ಉಂಟು. ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಗುಡ್ಡಗಳು ಊರನ್ನು ಬಳಸಿ ನಿಂತಿವೆ. ಗುಡ್ಡಕ್ಕೂ ಗುಡ್ಡಕ್ಕೂ ನಡುವೆ ಎಲ್ಲಿ ಸಂದು ಇದೆಯೋ ಅಲ್ಲಿ ಮಾತ್ರ ಮನುಷ್ಯನು ಗೋಡೆ ಕಟ್ಟಿ ಬಾಗಿಲಿಟ್ಟಿದ್ದಾನೆ. ಉಳಿದ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿದೆ. ಹೊಳೆ ಬಂಡೆಗಳ ನಡುವೆ ಸೀಳಿ ಹರಿಯುತ್ತದೆ. ಅದರ ಇಕ್ಕೆಲದಲ್ಲಿಯೂ ಬತ್ತದ ಗದ್ದೆ, ಬಾಳೆಯ ತೋಟ. ವಿಜಯನಗರದ ಕಾಲದ ಅಣೆಕಟ್ಟುಗಳೂ ಕಾಲುವೆಗಳೂ ಇಂದಿಗೂ ಈ ಪ್ರಾಂತದ ಗದ್ದೆಗಳಿಗೆ ನೀರು ಹರಿಸುತ್ತಿರುವುದನ್ನು ಕಂಡವರು, ಅರಮನೆಗಿಂತ ಕಾಲುವೆಯ ಆಯುಷ್ಯವೇ ದೊಡ್ಡದೆಂಬ ಮಾತನ್ನು ಒಪ್ಪದಿರಲಾರರು.

ಇಲ್ಲಿ ಜನ ನೆಲೆಸಿದುದು ಬಹು ಪ್ರಾಚೀನ ಕಾಲದಿಂದ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ಶಿಲಾಯುಗೋತ್ತರ ಕಾಲದ ಗೋರಿಮನೆಗಳು ನೂರಾರು ಇವೆ. 2021ರಲ್ಲಿ ಈ ಸ್ಥಳವನ್ನು ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂದಿತು. ಮೌರ್ಯಚಕ್ರವರ್ತಿಯ ಮಾತು ತಲಪಿದ ಸೀಮೆ ಇದು ಎಂಬುದನ್ನು ನೆನಪಿಡಬೇಕು.

ಆದರೆ ಆನೆಗೊಂದಿಯ ಹೆಸರು ಚರಿತ್ರೆಯಲ್ಲಿ ಮೊಳಗಿದುದು ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ. ಆಗ ಕಂಪಿಲಿಯ ಅರಸರು ಈ ಸೀಮೆಯನ್ನಾಳುತ್ತಿದ್ದರು. ಕುಮ್ಮಟದುರ್ಗವು ಅವರ ಬಲವಾದ ಕೋಟೆ. ಜನಪದವು ಇಂದಿಗೂ ಕೊಂಡಾಡುವ ಕುಮಾರರಾಮನು ಆ ಮನೆತನದವನು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪನು ಸೋತು, ಕಂಪಿಲಿರಾಯನ ಮರೆಹೊಕ್ಕನು. ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು ಈ ವೃತ್ತಾಂತವನ್ನು ವಿವರವಾಗಿ ಹೇಳಿದ್ದಾನೆ. ದೆಹಲಿಯ ದಂಡು ಮುತ್ತಿತು; ದವಸ ತೀರಿತು. ಆಗಲೂ ರಾಯನು ಶರಣಾಗತನನ್ನು ಹಿಡಿದುಕೊಡಲಿಲ್ಲ. ಅತಿಥಿಯನ್ನು ಬೇರೊಬ್ಬ ಅರಸನ ಬಳಿಗೆ ಸುರಕ್ಷಿತವಾಗಿ ಕಳುಹಿಸಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ಬಳಿಕ, ತಾನು ಕೋಟೆಯ ಬಾಗಿಲು ತೆರೆದು ಕಾದಿ ಮಡಿದನು. ಇದು 1327ರ ಸುಮಾರಿನ ಸಂಗತಿ. ಈ ಕದನದ ಕೊನೆಯ ಅಂಕವು ಆನೆಗೊಂದಿಯಲ್ಲಿಯೇ ನಡೆಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಎರಡು ಶತಮಾನಗಳ ತರುವಾಯ ಬರೆದ ಪೋರ್ಚುಗೀಸ್ ಲೇಖಕ ನೂನಿಜನೂ ಹಾಗೆಯೇ ಹೇಳುತ್ತಾನೆ. ಮರೆಹೊಕ್ಕವನಿಗೆ ಬಿಡಾರ ಕೊಟ್ಟುದಕ್ಕಾಗಿ ಒಂದು ರಾಜ್ಯವೇ ಅಳಿಯಿತು. ಬಿಡಾರ ಕೇಳಲು ಇಲ್ಲಿಗೆ ಹೋಗುವ ನಮಗೆ ಈ ಕಥೆ ತಿಳಿದಿದ್ದರೆ ಒಳ್ಳೆಯದು.

ಈ ಬೂದಿಯಿಂದಲೇ ವಿಜಯನಗರವು ಹುಟ್ಟಿತು. ಹರಿಹರ ಬುಕ್ಕರ ಮೂಲ ಯಾವುದು, ಅವರು ಕಂಪಿಲಿಯವರ ಸೇವೆಯಲ್ಲಿದ್ದರೇ ಹೊಯ್ಸಳರ ಸೇವೆಯಲ್ಲಿದ್ದರೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1336 ಎಂಬುದು ಪರಂಪರೆ ಒಪ್ಪಿದ ವರ್ಷ. 1346ರ ವೇಳೆಗೆ ಐವರು ಸೋದರರೂ ಶೃಂಗೇರಿಯಲ್ಲಿ ಸೇರಿ ವಿಜಯೋತ್ಸವವನ್ನಾಚರಿಸಿ ದತ್ತಿ ಕೊಡುವಷ್ಟು ಪ್ರಬಲರಾಗಿದ್ದರೆಂಬುದಂತೂ ಶಾಸನಸಿದ್ಧ. ಅವರು ರಾಜಧಾನಿಯನ್ನು ಹೊಳೆಯ ದಕ್ಷಿಣದ ದಡದಲ್ಲಿ ಬೆಳೆಯಿಸಿದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಪಾಯವು ಉತ್ತರದಿಂದ ಬರುತ್ತಿತ್ತು. ದಕ್ಷಿಣದ ದಡದಲ್ಲಿ ನಿಂತವನಿಗೆ ತುಂಗಭದ್ರೆಯೇ ಕಂದಕವಾಗುತ್ತಿತ್ತು. ವಿರೂಪಾಕ್ಷನ ಪ್ರಾಚೀನ ಸನ್ನಿಧಿಯೂ ಅಲ್ಲಿಯೇ ಇತ್ತು. ಹೀಗೆ ಹಳೆಯ ನೆಲೆಯಾದ ಆನೆಗೊಂದಿ ಹೊಸ ರಾಜಧಾನಿಯ ಹೆಬ್ಬಾಗಿಲಾಯಿತು. ತಾಯಿ ಮಗಳ ಮನೆಯ ಕಾವಲಿಗೆ ನಿಂತಂತಾಯಿತು.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸನು ಆನೆಗೊಂದಿಯನ್ನು ಹಿಂದಿನ ರಾಜಧಾನಿಯೆಂದೇ ಗುರುತಿಸಿದ್ದಾನೆ. ಅಲ್ಲಿ ಜನ ಕಡಿಮೆ, ಗೋಡೆಗಳು ಗಟ್ಟಿ, ಅರಸನ ಪರವಾಗಿ ಒಬ್ಬ ಅಧಿಕಾರಿ ಇದ್ದಾನೆ ಎನ್ನುತ್ತಾನೆ. ಬಿದಿರಿನಿಂದ ಹೆಣೆದು ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುತ್ತಿದ್ದರೆಂದೂ, ಅವು ನೇರವಾಗಿ ಸಾಗದೆ ಗಿರ್ರನೆ ತಿರುಗುತ್ತಿದ್ದುವೆಂದೂ ಅವನು ಬೆರಗಿನಿಂದ ಬರೆದಿದ್ದಾನೆ. ಐನೂರು ವರ್ಷಗಳ ಬಳಿಕವೂ ಆ ಹರಿಗೋಲುಗಳನ್ನು ಅದೇ ಹೊಳೆಯಲ್ಲಿ ಕಾಣಬಹುದು. ಪುಸ್ತಕದಲ್ಲಿ ಓದಿದ ಚರಿತ್ರೆಯ ಒಂದು ವಾಕ್ಯವನ್ನು ಮಗುವಿಗೆ ಕಣ್ಣಾರೆ ತೋರಿಸುವ ಅವಕಾಶ ಇದಕ್ಕಿಂತ ಬೇರೆ ಯಾವುದು?

1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಯುದ್ಧವಾಯಿತು. ರಾಜಧಾನಿ ಸೂರೆಯಾಯಿತು, ರಾಜಪೀಠ ಪೆನುಗೊಂಡೆಗೆ ಹೋಯಿತು. ಲೋಕವನ್ನೇ ಬೆರಗುಗೊಳಿಸಿದ ನಗರದ ಬೀದಿಗಳಲ್ಲಿ ಮುಳ್ಳುಕಂಟಿ ಬೆಳೆಯಿತು. ಆದರೆ ಉತ್ತರದ ದಡದ ಹಳೆಯ ಊರು ಬರಿದಾಗಲಿಲ್ಲ. ವಿಜಯನಗರದ ಕೊನೆಯ ಅರಸುಮನೆತನವಾದ ಅರವೀಡು ವಂಶದ ಪರಂಪರೆಯವರು ಮುಂದೆ ಆನೆಗೊಂದಿಯಲ್ಲಿಯೇ ನೆಲೆಸಿದರು. ಮಗಳು ಗತಿಸಿದ ಮೇಲೂ ತಾಯಿ ಬದುಕಿದಳು. ಇದೇ ಆನೆಗೊಂದಿಯ ವೈಶಿಷ್ಟ್ಯ. ಹಂಪೆಯಲ್ಲಿ ನಾವು ನೋಡುವುದು ನಿಂತುಹೋದ ಬಾಳನ್ನು. ಆನೆಗೊಂದಿಯಲ್ಲಿ ನೋಡುವುದು ನಿಲ್ಲದೆ ನಡೆದುಬಂದ ಬಾಳನ್ನು. ಇಲ್ಲಿ ರಂಗನಾಥನ ಗುಡಿಯಲ್ಲಿ ಪೂಜೆ ನಡೆಯುತ್ತದೆ. ಗಗನಮಹಲಿನ ಎದುರಿನ ಬಯಲಿನಲ್ಲಿ ಮಕ್ಕಳು ಆಡುತ್ತಾರೆ. ಕೋಟೆಯ ಬಾಗಿಲಿನೊಳಗಿಂದ ಹುಲ್ಲಿನ ಬಂಡಿ ಹಾಯುತ್ತದೆ. ಹೆಂಗಸರು ಬಾಳೆಯ ನಾರಿನಿಂದ ಚೀಲ ಬುಟ್ಟಿಗಳನ್ನು ಹೆಣೆಯುತ್ತಾರೆ.

ಒಂದೇ ಚರಿತ್ರೆಯ ಈ ಎರಡು ದಡಗಳು ಬಹುಕಾಲ ಬೇರೆ ಬೇರೆ ರಾಜ್ಯಗಳಿಗೆ ಸೇರಿದ್ದುವೆಂಬುದನ್ನು ಇಂದಿನವರು ಮರೆತಿದ್ದಾರೆ. ಆನೆಗೊಂದಿ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಹಂಪೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1948ರಲ್ಲಿ ಹೈದರಾಬಾದು ಭಾರತದೊಡನೆ ಕೂಡಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದಿತು. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ಕನ್ನಡ ರಾಜ್ಯಕ್ಕೆ ಸೇರಿದವು. ಇಂದಿಗೂ ಜಿಲ್ಲೆಗಳು ಮಾತ್ರ ಬೇರೆ: ಆನೆಗೊಂದಿ ಕೊಪ್ಪಳಕ್ಕೆ, ಹಂಪೆ 2021ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಗೆ ಸೇರಿವೆ. ತಳವಾರಘಟ್ಟದ ಬಳಿ ಎರಡು ದಡಗಳನ್ನು ಜೋಡಿಸಲು ಕಟ್ಟುತ್ತಿದ್ದ ಸೇತುವೆ, ಪರಂಪರೆಯ ಸ್ಥಳಕ್ಕೆ ಕುಂದೆಂಬ ಆಕ್ಷೇಪದಿಂದ ವರ್ಷಗಟ್ಟಲೆ ನಿಂತು, 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಪ್ರಾಣವನ್ನು ಕೊಂಡಿತು. ಹಳೆಯದನ್ನು ಕಾಯುವ ಕರ್ತವ್ಯಕ್ಕೂ ಹೊಳೆ ದಾಟಬೇಕಾದ ಬಡವನ ಅಗತ್ಯಕ್ಕೂ ನಡುವಣ ತಿಕ್ಕಾಟಕ್ಕೆ ಅದು ಸಾಕ್ಷಿ. ಈಗ ಕಡೆಬಾಗಿಲು–ಬುಕ್ಕಸಾಗರದ ಸೇತುವೆಯ ಮೇಲೆ ವಾಹನಗಳು ಓಡಾಡುತ್ತವೆ.

ಇನ್ನು ಬಿಡಾರದ ವಿಚಾರ. ಹೊಸಪೇಟೆಯಲ್ಲಿ ತಂಗಬಹುದಲ್ಲ ಎಂದು ಕೇಳುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ಲಿ ರೈಲುನಿಲ್ದಾಣವಿದೆ, ಹೋಟೆಲುಗಳಿವೆ, ವೈದ್ಯರಿದ್ದಾರೆ. ಹಂಪೆ ಎಂಟೇ ಮೈಲಿ. ಆ ಊರೂ ಕೃಷ್ಣದೇವರಾಯನು ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ. ಹಸುಗೂಸುಗಳೂ ಅಶಕ್ತರೂ ಜೊತೆಗಿದ್ದರೆ ಹೊಸಪೇಟೆಯೇ ಮೇಲು. ಕಮಲಾಪುರವು ವಸ್ತುಸಂಗ್ರಹಾಲಯಕ್ಕೂ ಅರಮನೆಯ ಆವರಣಕ್ಕೂ ಹತ್ತಿರ. ಆದರೆ ಈ ಎರಡೂ ಕಡೆಗಳಿಂದ ಹೋಗುವವನು ಚರಿತ್ರೆಯನ್ನು ನಡುವಿನಿಂದ ಓದತೊಡಗುತ್ತಾನೆ. ಆನೆಗೊಂದಿಯಲ್ಲಿ ತಂಗಿದವನು ಮೊದಲ ಪುಟದಿಂದ ಓದುತ್ತಾನೆ. ಊರಿನ ಹಳೆಯ ಮನೆಗಳಲ್ಲಿ ಕೆಲವು ಅತಿಥಿಗಳಿಗೆ ತೆರೆದಿವೆ. ಗಂಗಾವತಿಯ ಪೇಟೆ ಏಳೆಂಟು ಮೈಲಿಗಳಲ್ಲಿದೆ.

ಮೊದಲನೆಯ ದಿನ ಊರನ್ನೂ, ಕೋಟೆಯ ಬಾಗಿಲುಗಳನ್ನೂ, ನುಣುಪಾದ ಕಲ್ಲುಗಂಬಗಳುಳ್ಳ ಹುಚ್ಚಪ್ಪಯ್ಯನ ಮಠವನ್ನೂ ಹೊಳೆಯ ದಡದ ಅರವತ್ತನಾಲ್ಕು ಕಂಬದ ಮಂಟಪವನ್ನೂ ನೋಡಬೇಕು. ನಡುಗಡ್ಡೆಯಲ್ಲಿ ವ್ಯಾಸರಾಯರೇ ಮೊದಲಾದ ಒಂಬತ್ತು ಮಂದಿ ಮಾಧ್ವಯತಿಗಳ ನವಬೃಂದಾವನವಿದೆ. ಎರಡನೆಯ ದಿನ ಮುಂಜಾನೆ, ಬಿಸಿಲೇರುವ ಮೊದಲು, 575 ಮೆಟ್ಟಿಲುಗಳ ಅಂಜನಾದ್ರಿಯನ್ನು ಹತ್ತಬೇಕು. ಹೊಳೆ, ಗದ್ದೆ, ಬಂಡೆ, ಆಚೆಯ ದಡದ ಗೋಪುರ, ಎಲ್ಲವೂ ಅಲ್ಲಿಂದ ಒಂದೇ ನಕ್ಷೆಯಾಗಿ ಕಾಣುತ್ತವೆ. ರಾಜಧಾನಿ ದಕ್ಷಿಣಕ್ಕೆ ಏಕೆ ಹೋಯಿತೆಂಬುದನ್ನು ಆಗ ಮಗುವಿಗೆ ವಿವರಿಸಬೇಕಾಗಿಯೇ ಇಲ್ಲ. ಇಳಿದ ಮೇಲೆ ಪಂಪಾಸರೋವರ. ಹೊಳೆ ದಾಟಿ ಹಂಪೆಯನ್ನು ನೋಡುವುದನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಬೇಕು. ನಾಲ್ಕನೆಯ ದಿನ ಕೊಪ್ಪಳದ ಕೋಟೆಗೆ ಹೋಗಬಹುದು. ಟಿಪ್ಪು ಸುಲ್ತಾನನು ಫ್ರೆಂಚರ ನೆರವಿನಿಂದ ಬಲಪಡಿಸಿದ ಈ ದುರ್ಗವನ್ನು 1858ರಲ್ಲಿ ಮುಂಡರಗಿ ಭೀಮರಾಯನು ಹಿಡಿದು ಹೋರಾಡಿ ಮಡಿದನು. ಅಲ್ಲಿಂದ ಮುಂದೆ ಇಟಗಿ. 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಆ ದೇವಾಲಯವನ್ನು ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಕರೆದಿದೆ.

ಕಾಲವನ್ನೂ ನೋಡಿಕೊಳ್ಳಬೇಕು. ಬೇಸಗೆಯಲ್ಲಿ ಬಂಡೆಗಳು ಕಾದು ಕೆಂಡವಾಗುತ್ತವೆ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನ ಬಾಗಿಲು ತೆರೆದರೆ ಹೊಳೆ ಉಕ್ಕುತ್ತದೆ. ದೋಣಿ ನಿಲ್ಲುತ್ತದೆ, ನವಬೃಂದಾವನದ ದಾರಿ ಮುಚ್ಚುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರಶಸ್ತ. ಹೊಳೆ ಶಾಂತವಾಗಿ ಕಂಡರೂ ಸುಳಿಗಳೂ ಮೊಸಳೆಗಳೂ ಉಂಟು. ಮಕ್ಕಳನ್ನು ನೀರಿಗೆ ಬಿಡಬಾರದು.

ಕೊನೆಯದಾಗಿ ಒಂದು ಮಾತು. ಹಂಪೆಯ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದ ಜನರನ್ನು 2011ರಲ್ಲಿ ತೆರವುಗೊಳಿಸಲಾಯಿತು. ವಿರೂಪಾಪುರಗಡ್ಡೆಯ ವಿಹಾರಗೃಹಗಳನ್ನು 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ, ಕೆಡವಲಾಯಿತು. ಕಲ್ಲನ್ನು ಉಳಿಸಲು ಜನರನ್ನು ಎಬ್ಬಿಸುವುದು ಒಂದು ಕೇಡು. ಪ್ರವಾಸಿಯ ಹಣಕ್ಕಾಗಿ ಗದ್ದೆಯನ್ನೂ ಬಂಡೆಯನ್ನೂ ಮಾರುವುದು ಇನ್ನೊಂದು ಕೇಡು. ಇವೆರಡರ ನಡುವೆ ಏಳು ಶತಮಾನಗಳಿಂದ ಉಸಿರಾಡುತ್ತಿರುವ ಊರು ಉಳಿಯಬೇಕಾದರೆ, ಅಲ್ಲಿಗೆ ಹೋಗುವ ಅತಿಥಿಯ ನಡತೆಯೂ ಲೆಕ್ಕಕ್ಕೆ ಬರುತ್ತದೆ. ಊರವರ ಮನೆಯಲ್ಲಿ ತಂಗಿ, ಊರವರ ಅಡಿಗೆಯನ್ನುಂಡು, ಊರವರ ದೋಣಿಯಲ್ಲಿ ದಾಟುವ ಸಂಸಾರವು ಆ ಊರನ್ನು ಊರಾಗಿಯೇ ಉಳಿಸುತ್ತದೆ. ಅತಿಥಿಗಾಗಿ ರಾಜ್ಯವನ್ನೇ ಕಳೆದುಕೊಂಡ ಅರಸನ ನೆಲದಲ್ಲಿ, ಅತಿಥಿಗಳಾದ ನಾವು ಸಲ್ಲಿಸಬೇಕಾದ ಋಣ ಇಷ್ಟೇ.